ಎರಡು ಫೌಜುಗಳ ಭೀಮಶಾ

ಭೀಮಶಾನಿಗೆ ಕುದುರೆಯ ಮೇಲಿದ್ದ ನಂಬಿಕೆ ಲಾರಿಯ ಮೇಲೆ ಕೊನೆಯವರೆಗೂ ಹುಟ್ಟಲಿಲ್ಲ. ಕುದುರೆಗೆ ಮೈಯಲ್ಲಿ ಸರಿಯಿಲ್ಲದಿದ್ದರೆ ಮುಂಜಾನೆ ಮೇವು ಹಾಕುವಾಗಲೇ ಗೊತ್ತಾಗುತ್ತದೆ, ಲಾರಿ ಮಾತ್ರ ಹಳ್ಳದ ನಡುವೆ ನಿಂತ ಮೇಲೆ ತನ್ನ ರೋಗ ಹೇಳುತ್ತದೆ ಎನ್ನುತ್ತಿದ್ದ. ಆದರೂ ಅವನ ಹೊಟ್ಟೆ ತುಂಬಿಸಿದ್ದು ಲಾರಿ. ಊರಿಗೆ ಊರೇ ಅವನ ಮೇಲೆ ಗುಮಾನಿ ಪಡುವಂತೆ ಮಾಡಿದ್ದೂ ಅದೇ.

ಅವನು ಕಮಲಾಪುರದವನು, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು. ಅಪ್ಪ ಗೌಡರಾದ ಹಣಮಂತರಾಯರ ತೋಟದಲ್ಲಿ ನೀರು ಹಾಯಿಸುತ್ತಿದ್ದ. ಊರ ಸುತ್ತ ಕೆಂಪು ಬಾಳೆ ಬೆಳೆಯುವವರು ಹಲವರಿದ್ದರೂ ಗೌಡರ ತೋಟದ ಗೊನೆಯ ಗಾತ್ರ ಬೇರೆ ಯಾರ ತೋಟದಲ್ಲೂ ಬರುತ್ತಿರಲಿಲ್ಲ. ಸರ್ಕಾರಿ ಅಧಿಕಾರಿಗಳು ಊರಿಗೆ ಬಂದರೆ ಹೋಗುವಾಗ ಒಂದೊಂದು ಗೊನೆ ಕೊಟ್ಟು ಕಳಿಸುವುದು ಗೌಡರ ಪದ್ಧತಿ. ಹಾಗೆ ಬಂದ ಕಂದಾಯದ ಗಿರ್ದಾವರನೊಬ್ಬನ ಬಿಳಿ ಹೆಣ್ಣುಕುದುರೆ ಹತ್ತಿರ ಹೋದವರಿಗೆಲ್ಲ ಒದೆಯುತ್ತಿತ್ತು. ಭೀಮಶಾ ಹೋದರೆ ಮಾತ್ರ ಕಿವಿ ಇಳಿಸಿ ನಿಲ್ಲುತ್ತಿತ್ತು. ಗಿರ್ದಾವರ ಅದನ್ನು ಕಂಡು, ಇವನನ್ನು ಕಲಬುರಗಿಗೆ ಕರೆದೊಯ್ದು ನಿಜಾಮರ ಅಶ್ವದಳವಾದ ರಿಸಾಲೆಯಲ್ಲಿ ಕುದುರೆ ನೋಡಿಕೊಳ್ಳುವ ಸಾಯಿಸನ ಕೆಲಸಕ್ಕೆ ಸೇರಿಸಿದ.

ಭೀಮಶಾನಿಗೆ ಆಗ ಮೀಸೆ ಚಿಗುರುತ್ತಿದ್ದ ವಯಸ್ಸು. ಶಹಾಬಜಾರದ ಒಂದು ಓಣಿಯಲ್ಲಿ ಮಸ್ತಾನಬಿ ಎಂಬ ವಿಧವೆಯ ಮನೆಯಂಗಳದ ಕೋಣೆಯಲ್ಲಿ ಇರತೊಡಗಿದ. ಆಕೆ ಬೀಸುಕಲ್ಲಿನಲ್ಲಿ ತೊಗರಿ ಒಡೆದು ಬೇಳೆ ಮಾಡಿ ಮಾರುತ್ತಿದ್ದಳು. ಇವನ ಜಾತಿ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಭೀಮಶಾನಿಗೆ ಮೊದಮೊದಲು ಅನುಮಾನವೇ ಬಂದಿತ್ತು, ಗೊತ್ತಾದ ದಿನ ಹೊರಗೆ ಹಾಕುತ್ತಾಳೇನೋ ಎಂದು. ವರ್ಷ ಕಳೆದ ಮೇಲೆ ತಾನೇ ಹೇಳಿದ. ಆಕೆ ಕಲ್ಲು ತಿರುವುತ್ತಲೇ, "ಮಾಲೂಮ್ ಅದ ಬೇಟಾ. ಆ ಚೀಲ ಇತ್ತ ಸರಸು," ಎಂದಳು.

ಮದುವೆಯೂ ಆಯಿತು. ಹೆಂಡತಿ ಶೇವಂತಾ ಕಮಲಾಪುರದಲ್ಲಿ ಅತ್ತೆಯ ಜೊತೆ ಉಳಿದಳು. ಭೀಮಶಾ ರಜೆ ಸಿಕ್ಕಾಗ ಹೋಗಿ ಬರುತ್ತಿದ್ದ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲಕ್ಕೆ ರಿಸಾಲೆಗೆ ಲಾರಿಗಳು ಬಂದವು. ಇನ್ನು ಮೇಲೆ ಯುದ್ಧವೆಂದರೆ ಮೋಟಾರು, ಕುದುರೆಯ ಕಾಲ ಮುಗಿಯಿತು ಎಂದು ಹೈದರಾಬಾದಿನಿಂದ ಬಂದ ಸಾಹೇಬರು ಹೇಳಿ ಹೋದರು. ಆದರೆ ಲಾರಿ ನಡೆಸುವವರು ಯಾರು? ಸವಾರರೆಲ್ಲ ಜಾಗೀರದಾರರ ಮನೆಯವರು, ಇನಾಮು ಭೂಮಿ ಇದ್ದವರು. "ನಾವು ಸವಾರರು, ಗಾಡಿ ಹೊಡೆಯೋರಲ್ಲ," ಎಂದು ಅವರು ಮುಖ ತಿರುಗಿಸಿದರು. ಎಣ್ಣೆ, ಮಸಿ, ಹೊಗೆ ಅವರಿಗೆ ಬೇಡವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಈ ಯಂತ್ರ ಒಂದು ದಿನ ತಮ್ಮ ಅನ್ನ ಕಸಿಯುತ್ತದೆ ಎಂಬ ಸಂಶಯ ಅವರಿಗಿತ್ತು. ಕಡೆಗೆ ಸಾಯಿಸರನ್ನೇ ಕರೆದು ಲಾರಿಯ ಮುಂದೆ ನಿಲ್ಲಿಸಿದರು. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಇಂಜಿನ್ ಎಬ್ಬಿಸುವುದನ್ನು, ಚಕ್ರ ಬಿಚ್ಚುವುದನ್ನು, ಇಳಿಜಾರಿನಲ್ಲಿ ಗೇರು ಹಿಡಿಯುವುದನ್ನು ಭೀಮಶಾ ಕಲಿತ. ಹೀಗೆ ಕುದುರೆಯ ಲದ್ದಿ ಎತ್ತುತ್ತಿದ್ದವನು ಸವಾರರಿಗಿಂತ ಎತ್ತರದ ಗಾದಿಯ ಮೇಲೆ ಕುಳಿತ. ಸವಾರರು ಅದನ್ನು ಮರೆಯಲಿಲ್ಲ. ಲಾರಿ ಕೆಟ್ಟಾಗಲೆಲ್ಲ ಇವನೇ ಬೇಕೆಂದು ಕೆಡಿಸಿದ್ದಾನೆ ಎಂದು ಮೇಲಿನವರಿಗೆ ಚಾಡಿ ಹೇಳುತ್ತಿದ್ದರು.

ದೇಶಕ್ಕೆ ಸ್ವಾತಂತ್ರ್ಯ ಬಂತು, ಹೈದರಾಬಾದ್ ಸಂಸ್ಥಾನ ಮಾತ್ರ ಹೊರಗೇ ಉಳಿಯಿತು. ಮರುವರ್ಷದ ಬೇಸಿಗೆಯ ಹೊತ್ತಿಗೆ ಕಲಬುರಗಿಯಲ್ಲಿ ಯಾರ ಮಾತನ್ನು ಯಾರೂ ಪೂರ್ತಿ ನಂಬದಂತಾಯಿತು. ಅಂಗಡಿಯಲ್ಲಿ ಉಪ್ಪು ಕೊಳ್ಳುವವನು ಬದಿಯಲ್ಲಿ ನಿಂತವನ ಮುಖ ನೋಡಿ ಮಾತು ನಿಲ್ಲಿಸುತ್ತಿದ್ದ. ಗಡಿಯಾಚೆ ಕಾಂಗ್ರೆಸ್ಸಿನವರ ಶಿಬಿರಗಳು, ಗಡಿಯೀಚೆ ನಿಜಾಮರ ಪರವಾದ ರಜಾಕಾರರ ಗುಂಪುಗಳು. ರಜಾಕಾರರ ಹೆಸರು ಹೇಳಿಕೊಂಡು ಬೇರೆ ಕೆಲಸ ಮಾಡುವವರೂ ಇದ್ದರು.

ಆ ವರ್ಷದ ಶ್ರಾವಣದಲ್ಲಿ ಒಂದು ಮುಂಜಾನೆ ಭೀಮಶಾ ತನ್ನ ಲಾರಿಯನ್ನು ತೊಳೆದು, ಇಂಜಿನ್ ಸರಿಮಾಡಿ ನಿಲ್ಲಿಸಿದ್ದ. ಅವನ ಮೇಲಿನ ಜಮಾದಾರ ಬಂದು, "ಹ್ಯಾಂಡಲ್ ಇವರಿಗೆ ಕೊಡು, ಸಂಜೀಕ ತರ್ತಾರ," ಎಂದ. ಅವನ ಹಿಂದೆ ಕೆಲವರು ನಿಂತಿದ್ದರು. ಮೈಮೇಲೆ ಖಾಕಿ ಇತ್ತು, ಆದರೆ ಪಲ್ಟಣದವರಲ್ಲ. ಎಲ್ಲಿಗೆ ಎಂದು ಭೀಮಶಾ ಕೇಳಲಿಲ್ಲ. ಕೇಳುವ ದಿನಗಳು ಅವಾಗಿರಲಿಲ್ಲ. ಸಂಜೆ ಲಾರಿ ಮರಳಿ ಬಂದಾಗ ಹಿಂದಿನ ಹಲಗೆಯ ಮೇಲೆ ಎರಡು ಕೆಂಪು ಬಾಳೆಗೊನೆಗಳಿದ್ದವು. ತಂದವರು ಅವನ್ನು ಇಳಿಸಿಕೊಂಡು ಹೋದರು. ಭೀಮಶಾ ಹಲಗೆಯ ಮೇಲೆ ಅಂಟಿದ್ದ ಬಾಳೆಯ ಹಾಲನ್ನು ನೋಡುತ್ತ ನಿಂತ. ಲಾರಿ ತನ್ನ ಊರಿಗೆ ಹೋಗಿ ಬಂದಿದೆ ಎಂಬುದು ತಿಳಿಯಿತು. ಯಾಕೆ ಎಂಬುದು ವಾರದ ನಂತರ ತಿಳಿಯಿತು.

ಕಮಲಾಪುರದಿಂದ ಮಲ್ಲಣ್ಣನನ್ನು ಹೊತ್ತೊಯ್ದಿದ್ದರು. ಮಲ್ಲಣ್ಣ ಕಿರಾಣಿ ಅಂಗಡಿ ನಡೆಸುತ್ತಿದ್ದವನು, ಗೌಡ ಹಣಮಂತರಾಯರಿಗೆ ಚಿಕ್ಕಪ್ಪನ ಮಗ. ಸೊಲ್ಲಾಪುರ ಕಡೆಯ ಶಿಬಿರದವರಿಗೆ ಜೋಳ ಕಳಿಸುತ್ತಾನೆ ಎಂಬ ಸುದ್ದಿ ಅವನ ಮೇಲಿತ್ತು. ಲಾರಿ ಬಂದದ್ದು ಹಗಲಿನಲ್ಲೇ. ಸೀದಾ ಅವನ ಮನೆಯ ಮುಂದೆ ನಿಂತಿತು, ದಾರಿ ಕೇಳಲಿಲ್ಲ. ಅವನನ್ನು ಏರಿಸಿಕೊಂಡು ಹೋಯಿತು. ಮಲ್ಲಣ್ಣ ತಿರುಗಿ ಬರಲಿಲ್ಲ.

ದಾರಿ ಕೇಳದೆ ಬಂದ ಲಾರಿ ಯಾರದು? ಆ ಊರಿನಲ್ಲಿ ಹುಟ್ಟಿ ಲಾರಿ ನಡೆಸುವವನು ಒಬ್ಬನೇ. ಡ್ರೈವರನ ಮುಖಕ್ಕೆ ವಸ್ತ್ರ ಸುತ್ತಿತ್ತಂತೆ, ಗುರುತು ಸಿಗಬಾರದೆಂದೇ ಸುತ್ತಿಕೊಂಡಿದ್ದ ಎಂದರು. ಎತ್ತರ ಅವನದೇ ಎಂದರು. ಎರಡು ದಿನದಲ್ಲಿ ಅದು ಅನುಮಾನವಾಗಿ ಉಳಿಯದೆ ಕಂಡವರ ಮಾತಾಯಿತು. ಶೇವಂತಾಳನ್ನು ಗೌಡರ ತೋಟದ ಕೂಲಿಯಿಂದ ಬಿಡಿಸಿದರು.

ಸೆಪ್ಟೆಂಬರಿನಲ್ಲಿ ಭಾರತದ ಫೌಜು ಬಂತು. ಜನ ಅದನ್ನು ಪೊಲೀಸ್ ಆ್ಯಕ್ಷನ್ ಎಂದರು, ಆದರೆ ಬಂದದ್ದು ಟ್ಯಾಂಕು, ತೋಪು, ಲಾರಿಗಳ ಸಾಲು. ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ಕುದುರೆ ಬಿಟ್ಟು ಇಳಿಯುವುದಿಲ್ಲ ಎಂದ ಸವಾರರು ಕತ್ತಿ, ಬಂದೂಕು ಒಪ್ಪಿಸಿ ಕಲಬುರಗಿ ಕೋಟೆಯ ಹತ್ತಿರದ ಮೈದಾನದಲ್ಲಿ ನೆಲದ ಮೇಲೆ ಕುಳಿತರು. ಅವರ ಹಿಂದಿನ ಸಾಲಿನಲ್ಲಿ ಭೀಮಶಾನೂ ಕುಳಿತಿದ್ದ.

ಒಬ್ಬ ಕ್ಯಾಪ್ಟನ್ ಸಾಹೇಬ ಮೇಜು ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದ. ಅವನು ಪಂಜಾಬಿನ ಕಡೆಯವನು, ಹಿಂದುಸ್ತಾನಿ ಮಾತಾಡುತ್ತಿದ್ದ. ಕನ್ನಡದವರ ಮಾತು ತಿಳಿಸಿ ಹೇಳಲು ಧಾರವಾಡದ ಕಡೆಯ ಹವಾಲ್ದಾರ ರಾಮಣ್ಣ ಬದಿಗೆ ನಿಂತಿದ್ದ. ರಾಮಣ್ಣ ಆಫ್ರಿಕಾದ ಮರಳಿನಲ್ಲಿ ಯುದ್ಧ ಮಾಡಿ ಬಂದವನು. ಯಾರ ಮಾತನ್ನೂ ಮೊದಲ ಸಲ ನಂಬುತ್ತಿರಲಿಲ್ಲ.

"ಲಾರಿ ನಡಸ್ತೀಯೇನ?"

"ನಡಸ್ತೀನ್ರಿ."

"ರಜಾಕಾರರಿಗೂ ನಡಸೀಯೇನ?"

"ಇಲ್ರಿ."

"ಎಲ್ಲಾರೂ ಇಲ್ಲಂತಾರ," ಎಂದ ರಾಮಣ್ಣ. "ಹಂಗಾರ ನಡಿಸಿದವರು ಎಲ್ಲಿ ಹೋದ್ರು?"

 ಲಾರಿ ಹೋಗಿದ್ದು ನಿಜ, ತಾನು ಹೋಗಿಲ್ಲ ಎಂದರೆ ಈ ಮನುಷ್ಯ ಅರ್ಧ ಮಾತು ಇಟ್ಟುಕೊಂಡು ಅರ್ಧ ಬಿಡುತ್ತಾನೆ ಎಂದು ಭೀಮಶಾನಿಗೆ ಅನಿಸಿತು.

ಫೌಜಿಗೆ ಡ್ರೈವರುಗಳ ಕೊರತೆ ಇತ್ತು. ದೊಡ್ಡ ದೇಶ, ಗಡಿಯೆಲ್ಲ ಹೊಸದು, ಕಾಶ್ಮೀರದಲ್ಲಿ ಯುದ್ಧ ನಡೆದೇ ಇತ್ತು. ಹೊಸ ಕಾಲದ ಸೈನ್ಯ ಕಟ್ಟಬೇಕು, ಆದರೆ ಕೈಗೆ ಸಿಕ್ಕಿದ್ದು ಸಂಸ್ಥಾನಗಳ ಹಳೆಯ ಸಾಮಾನು. ಒಂದು ಲಾರಿ ವಿಲಾಯತಿಯದು, ಒಂದು ಅಮೆರಿಕದ್ದು, ಒಂದರ ನಟ್ಟು ಇನ್ನೊಂದಕ್ಕೆ ಕೂಡುವುದಿಲ್ಲ. ಮನುಷ್ಯರ ಗತಿಯೂ ಹಾಗೆಯೇ. ಕ್ಯಾಪ್ಟನ್ ಭೀಮಶಾನನ್ನು ಪರೀಕ್ಷೆಗೆಂದು ಇಟ್ಟುಕೊಂಡ. ಅವನ ಹಳೆಯ ಲಾರಿಯನ್ನೇ ಕೊಟ್ಟ. ಆದರೆ ಒಬ್ಬನನ್ನೇ ಬಿಡಲಿಲ್ಲ. ಲಾರಿ ಹೊರಟಾಗಲೆಲ್ಲ ರಾಮಣ್ಣ ತುಂಬಿದ ರೈಫಲನ್ನು ಮೊಣಕಾಲಿನ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದ. ರೈಫಲಿನ ಬಾಯಿ ರಸ್ತೆಯ ಕಡೆಗೆ ಇರುತ್ತಿರಲಿಲ್ಲ.

ಪಟ್ಟಣದಲ್ಲಿ ಆಗ ಬೇರೆ ತರಹದ ದಿನಗಳು. ಮೊದಲು ಯಾರು ಹೆದರಿದ್ದರೋ ಅವರಲ್ಲಿ ಕೆಲವರು ಈಗ ಹೆದರಿಸುವವರಾಗಿದ್ದರು. ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಮನೆಗಳ ಬಾಗಿಲಿಗೂ ಕಲ್ಲು ಬೀಳುತ್ತಿದ್ದವು. ಶಹಾಬಜಾರದ ಓಣಿಗಳಲ್ಲಿ ಹೆಂಗಸರು ಬಾವಿಗೆ ಹೋಗುವುದನ್ನು ಬಿಟ್ಟಿದ್ದರು.

ಒಂದು ಮಧ್ಯಾಹ್ನ ಸ್ಟೇಶನ್ನಿನಿಂದ ಹಿಟ್ಟಿನ ಚೀಲ ತರುತ್ತಿದ್ದಾಗ ಭೀಮಶಾ ಓಣಿಯ ಬಾಯಿಯಲ್ಲಿ ಜನ ಗುಂಪುಗೂಡಿದ್ದನ್ನು ಕಂಡ. ಕೆಲವರ ಕೈಯಲ್ಲಿ ಬಡಿಗೆ ಇತ್ತು. ಮಸ್ತಾನಬಿಯ ಮನೆ ಆ ಓಣಿಯ ಎರಡನೆಯದು. ಭೀಮಶಾ ಅಪ್ಪಣೆ ಕೇಳದೆ ಲಾರಿ ತಿರುಗಿಸಿ ಓಣಿಯ ಬಾಯಿಗೇ ಅಡ್ಡ ನಿಲ್ಲಿಸಿದ. ಇಂಜಿನ್ ಬಂದ್ ಮಾಡಿ ಕೆಳಗಿಳಿದು ಬಾನೆಟ್ ಎತ್ತಿದ.

"ಏನಾತು?" ಎಂದ ರಾಮಣ್ಣ.

"ನೀರು ಕಾದಾವ್ರಿ. ಆರಬೇಕು."

ಫೌಜಿನ ಲಾರಿಯನ್ನು, ರೈಫಲ್ ಹಿಡಿದ ಹವಾಲ್ದಾರನನ್ನು ನೋಡಿ ಗುಂಪು ನಿಧಾನವಾಗಿ ಕರಗಿತು. ಲಾರಿ ಸಂಜೆಯಾಗುವವರೆಗೂ ಅಲ್ಲೇ ನಿಂತಿತ್ತು. ಅಷ್ಟರಲ್ಲಿ ಮಸ್ತಾನಬಿ ಕದದ ಸಂದಿಯಿಂದ ಕೈಚಾಚಿ ಭೀಮಶಾನಿಗೆ ಒಂದು ಚಿಕ್ಕ ಗಂಟು ಕೊಟ್ಟಳು. ಅವನು ತೆಗೆದುಕೊಂಡು ಗಾದಿಯ ಕೆಳಗಿಟ್ಟ. ರಾಮಣ್ಣ ಅದನ್ನು ಕಂಡ. ಲಾರಿ ನಿಂತ ಕೂಡಲೇ ರೇಡಿಯೇಟರನ್ನೂ ಅವನು ಮುಟ್ಟಿ ನೋಡಿದ್ದ. ಅಷ್ಟೇನೂ ಕಾದಿರಲಿಲ್ಲ.

"ನೀರು ಕಾದಾವಂದಿ."

ಭೀಮಶಾ ಬಾನೆಟ್ ಮುಚ್ಚಿ ಹ್ಯಾಂಡಲ್ ತಿರುಗಿಸಿದ.

ಮರುದಿನವೇ ಮಸ್ತಾನಬಿಯ ಮನೆ ಜಡತಿ ಮಾಡಿ ಮೂಲೆಮೂಲೆ ಹುಡುಕಿದರು. ಸಿಕ್ಕಿದ್ದು ಬೀಸುಕಲ್ಲು, ತೊಗರಿಯ ಚೀಲ, ತೀರಿಕೊಂಡ ಗಂಡನ ಶೇರವಾನಿ. ಗಂಟಿನಲ್ಲಿ ಇದ್ದದ್ದು ಜೋಳದ ರೊಟ್ಟಿ, ಖಾರಬ್ಯಾಳಿ. ಆದರೂ ರಾಮಣ್ಣನ ಸಂಶಯ ತೀರಲಿಲ್ಲ. ರೊಟ್ಟಿ ಕೊಟ್ಟವಳು ಯಾರು, ಸುಳ್ಳು ಹೇಳಿ ಲಾರಿ ನಿಲ್ಲಿಸಿದ್ದು ಯಾಕೆ ಎಂದು ಕೇಳಿದ. ಭೀಮಶಾ ಇದ್ದದ್ದು ಇದ್ದಂತೆ ಹೇಳಿದ.

"ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಲ್ಲಸ್ತಿದ್ದಿಲ್ರಿ ನೀವು."

ಮಾತು ಕ್ಯಾಪ್ಟನ್ನನವರೆಗೆ ಹೋಯಿತು. ಅವನು ಸಿಟ್ಟಿಗೇಳಲಿಲ್ಲ. ಹಣೆ ಒತ್ತಿಕೊಂಡು ಹಿಂದುಸ್ತಾನಿಯಲ್ಲಿ ಹೇಳಿದ್ದನ್ನು ಭೀಮಶಾ ಮುಂದೆ ಎಷ್ಟೋ ಸಲ ನೆನೆಸಿಕೊಂಡ: ಲಾರಿ ಇಂದಲ್ಲ ನಾಳೆ ದೆಹಲಿಯಿಂದ ಬರುತ್ತವೆ, ಆದರೆ ಅವನ್ನು ಯಾರ ಕೈಗೆ ಕೊಡುವುದು ಎಂದು ದೆಹಲಿಯವರು ತನಗೆ ಹೇಳಲಾರರು. ನಂತರ, "ಇವನ ಊರಿಗೇ ಹೋಗಿ ಕೇಳೋಣ. ಊರವರು ಒಳ್ಳೆಯವನೆಂದರೆ ಇರಲಿ, ಇಲ್ಲವೆಂದರೆ ಜೇಲಿಗೆ ಹೋಗಲಿ," ಎಂದ.

ಕಮಲಾಪುರಕ್ಕೆ ಆ ಲಾರಿಯನ್ನು ನಡೆಸಿದವನು ಭೀಮಶಾನೇ. ಬೇರೆ ಡ್ರೈವರ್ ಇರಲಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಲಾರಿ ಎರಡು ಸಲ ನಿಂತಿತು. ಎರಡೂ ಸಲ ಪೆಟ್ರೋಲಿನ ಕೊಳವೆಯಲ್ಲಿ ಕಸ ಸಿಕ್ಕಿತ್ತು. ಅವನು ಊದಿ ತೆಗೆಯುತ್ತಿದ್ದಾಗ ರಾಮಣ್ಣ ಬೆನ್ನ ಹಿಂದೆಯೇ ನಿಂತಿದ್ದ. ಊರು ಬೇಡವೆಂದು ಇವನೇ ನಿಲ್ಲಿಸುತ್ತಿದ್ದಾನೆ ಎಂದು ಅವನಿಗೆ ಅನಿಸುತ್ತಿತ್ತು. ಭೀಮಶಾನಿಗಾದರೋ ಲಾರಿ ಅಲ್ಲೇ ನಿಂತುಬಿಟ್ಟರೆ ಒಳ್ಳೆಯದಿತ್ತು ಎಂದು ನಿಜವಾಗಿಯೂ ಅನಿಸುತ್ತಿತ್ತು.

ಹಸಿರು ಲಾರಿ, ಖಾಕಿ ತೊಟ್ಟ ಭೀಮಶಾ. ಊರವರು ತಮ್ಮ ಮನಸ್ಸಿನಲ್ಲಿ ಎರಡು ತಿಂಗಳಿಂದ ಕಂಡದ್ದನ್ನು ಈಗ ಕಣ್ಣಿನಿಂದ ಕಂಡರು. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಚಾವಡಿಯ ಮುಂದೆ ಗಂಡಸರು ಸೇರಿದರು. ಒಬ್ಬರೂ ಅವನ ಹೆಸರು ಹಿಡಿದು ಕರೆಯಲಿಲ್ಲ.

ಹಣಮಂತರಾಯರು ರುಮಾಲು ಸುತ್ತಿಕೊಂಡು ಬಂದು ಕ್ಯಾಪ್ಟನ್ನನಿಗೆ ಕೈಮುಗಿದರು. ರಾಮಣ್ಣ ಕೇಳಿದ.

"ಗೌಡ್ರ, ಇಂವ ಎಂಥಾಂವ?"

"ನಮ್ಮ ಆಳಿನ ಮಗ ಅದಾನ್ರಿ. ಸಣ್ಣಾಂವ ಇದ್ದಾಗ ಚಲೋ ಇದ್ದ. ಫೌಜಿನ್ಯಾಗ ಹೋದ ಮ್ಯಾಲ ಏನ ಆಗ್ಯಾನೋ ನಮಗ ಹ್ಯಾಂಗ ಗೊತ್ತಾಗಬೇಕ್ರಿ?"

"ಮಲ್ಲಣ್ಣನ್ನ ಒಯ್ದ ಲಾರಿ ಇಂವ ನಡಸಿದನೇನು?"

"ಮಂದಿ ಅಂತಾರ್ರಿ. ನಾ ಕಣ್ಣಿಲೆ ಕಂಡಿಲ್ಲ. ಆ ದಿನ ನಾ ಊರಾಗ ಇದ್ದಿಲ್ಲ."

ಆ ಮಾತು ಭೀಮಶಾನನ್ನು ಹೊರಗೂ ಬಿಡಲಿಲ್ಲ, ಒಳಗೂ ಹಾಕಲಿಲ್ಲ. ಊರವರು ಗೌಡರ ಮುಖ ನೋಡಿ ತಾವೂ ಹಾಗೆಯೇ ನಿಂತರು. ಭೀಮಶಾನಿಗೆ ಆಗ ಹಲಗೆಯ ಮೇಲಿನ ಎರಡು ಗೊನೆಗಳು ಕಣ್ಣಮುಂದೆ ಬಂದವು. ಗೌಡರ ತೋಟದಲ್ಲಿ ಗೌಡರ ಮಾತಿಲ್ಲದೆ ಒಂದು ಎಲೆ ಕೊಯ್ದವರನ್ನೂ ಅವನು ಕಂಡಿರಲಿಲ್ಲ. ಆದರೆ ಗೊನೆ ಕಂಡೆ ಎಂದರೆ ಲಾರಿ ತನ್ನದೇ ಎಂದು ಒಪ್ಪಿದಂತೆ. 

ಗುಂಪಿನ ಹಿಂದಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಮಲ್ಲಣ್ಣನ ಹೆಂಡತಿ ಕಸ್ತೂರಿಬಾಯಿ. ಗಂಡ ಸತ್ತನೋ ಬದುಕಿದ್ದಾನೋ ತಿಳಿಯದೆ ಕುಂಕುಮ ಅಳಿಸದೆ, ಅಂಗಡಿಯ ಕೀಲಿಯನ್ನೂ ಗೌಡರ ಕೈಗೆ ಒಪ್ಪಿಸಿ ಅವರ ಮನೆಯಲ್ಲೇ ಉಳಿದಿದ್ದಳು. ಹಣಮಂತರಾಯರು, "ನೀ ಯಾಕ ಬಂದಿ ತಂಗಿ, ಒಳಗ ಹೋಗು," ಎಂದರು. ಅವಳು ಹೋಗಲಿಲ್ಲ.

"ಸಾಹೇಬರ, ಆ ಡ್ರೈವರನ್ನ ನಾ ಕಂಡೀನ್ರಿ," ಎಂದಳು.

ರಾಮಣ್ಣ ತಿರುಗಿದ. "ಮುಖಾ ಮುಚ್ಚಿತ್ತಂತಲ್ಲ?"

"ಮುಚ್ಚಿತ್ತು. ಆದ್ರ ಅವರು ನಮ್ಮ ಮನೆಯವರನ್ನ ಹುಡುಕುತನಾ ಅಂವ ಬಂದು ನಮ್ಮ ಕಟ್ಟಿ ಮ್ಯಾಲ ಕುಂತ. ಕಾಲಮ್ಯಾಲ ಕಾಲ ಹಾಕಿ ಕುಂತು, ವಸ್ತ್ರ ಬಾಯಿಮಟಾ ಅಷ್ಟ ಸರಿಸಿ ಬೀಡಿ ಸೇದಿದ. ನೀರು ಕೇಳಿದ, ನಾ ತಂಬಿಗಿ ಕೊಟ್ಟೆ. ತಂಬಿಗೀಗೆ ಬಾಯಿ ಹಚ್ಚಿ ಕುಡದ."

"ಅದಕ್ಕ?"

"ಭೀಮಶಾ ಕೇರಿ ಮನುಷ್ಯಾರಿ. ಹುಟ್ಟಿದಾಗಿಂದ ನೋಡೀನಿ. ಕೇರಿಯವರು ಯಾರೂ ನಮ್ಮ ಕಟ್ಟಿ ಹತ್ತಿಲ್ಲ. ಜೀವಾ ಹೋಗಾಕತ್ತಿದ್ರೂ ಇಂವ ಅಲ್ಲಿ ಕೂಡತಿದ್ದಿಲ್ಲ. ಇಂವಲ್ರಿ ಅಂವ."

ರಾಮಣ್ಣ ಅದನ್ನು ಹಿಂದುಸ್ತಾನಿಗೆ ತಿರುಗಿಸಲು ಸ್ವಲ್ಪ ತಡವರಿಸಿದ. ಕ್ಯಾಪ್ಟನ್ ಎರಡು ಸಲ ಕೇಳಿ ತಿಳಿದುಕೊಂಡ. ಭೀಮಶಾ ನೆಲ ನೋಡುತ್ತಿದ್ದ. ಜೇಲು ತಪ್ಪಿತು, ಅದು ಅವನಿಗೆ ತಿಳಿಯುತ್ತಿತ್ತು. ಯಾವ ಕಾರಣಕ್ಕೆ ತಪ್ಪಿತು ಎಂಬುದೂ ತಿಳಿಯುತ್ತಿತ್ತು. ಅಷ್ಟು ಜನರ ಮುಂದೆ ಅವನಿಗೆ ಸಮಾಧಾನಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಗೌಡರು ಸಾಹೇಬನನ್ನು ಚಹಾಕ್ಕೆ ಒಳಗೆ ಕರೆದರು. ರಾಮಣ್ಣನೂ ಹೋದ. ಗುಂಪು ಚದುರಿತು. ಕಸ್ತೂರಿಬಾಯಿ ಮಾತ್ರ ಲಾರಿಯ ಹತ್ತಿರ ಬಂದು ನಿಂತಳು.

"ಇಷ್ಟ ದಿನ ಯಾಕ ಸುಮ್ಮನಿದ್ರಿ, ಅವ್ವಾರ?" ಎಂದು ಭೀಮಶಾ ಕೇಳಿದ. "ನನ್ನ ಹೆಂಡ್ತಿಗಿ ಕೂಲಿ ಬಿಡಿಸ್ಯಾರ."

"ಹೆದರಿಕಿ. ನೀ ಅಲ್ಲಂದ್ರ, ದಾರಿ ತೋರಿಸಿದವರು ಯಾರಂತ ಮಂದಿ ಕೇಳತಿದ್ರು. ಅದಕ್ಕ ಉತ್ತರ ನನಗ ಬ್ಯಾಡಾಗಿತ್ತು. ನಾ ಇರೋದು ಅವರ ಮನ್ಯಾಗ." ಆಕೆ ಲಾರಿಯ ಬದಿಯ ಹಲಗೆಯ ಮೇಲೆ ಕೈಯಿಟ್ಟು ನೋಡಿದಳು. "ಒಂದು ಮಾತು ಕೇಳ್ತೀನಿ, ಖರೆ ಹೇಳು. ಅದು ಇದೇ ಲಾರಿ ಅಲ್ಲೇನು?"

ಸುಳ್ಳು ಹೇಳುವುದಕ್ಕೆ ಅವನಿಗೆ ಎಲ್ಲ ಕಾರಣಗಳೂ ಇದ್ದವು. ಈಗಷ್ಟೇ ಬಿಡುಗಡೆ ಸಿಕ್ಕಿತ್ತು. ಆಕೆ ಕೂಗಿ ಹೇಳಿದರೆ ಹೋಯಿತು.

"ಇದೇ ಅದ್ರಿ. ಆ ಮುಂಜಾನಿ ನಾನೇ ಸಾಫ್ ಮಾಡಿ ಹ್ಯಾಂಡಲ್ ಕೊಟ್ಟೀನಿ. ಎಲ್ಲಿಗಿ ಹೊಂಟಾರಂತ ಕೇಳಲಿಲ್ಲ. ಸಂಜೀಕ ಬಂದಾಗ ಹಿಂದ ಎರಡು ಕೆಂಪು ಗೊನಿ ಇದ್ದವು. ದೊಡ್ಡವು."

ಕಸ್ತೂರಿಬಾಯಿಯ ಕೈ ಹಲಗೆಯ ಮೇಲೆ ಹಾಗೆಯೇ ಉಳಿಯಿತು. ಯಾರ ತೋಟದ್ದು ಎಂದು ಆಕೆ ಕೇಳಲಿಲ್ಲ. "ಹೇಳಿದ್ದು ಚಲೋ ಆತು," ಎಂದಳು. "ಇದನ್ನ ಮತ್ತ ಯಾರ ಮುಂದೂ ಆಡಬ್ಯಾಡ. ನಿನಗೂ ಬಾಳು ಅದ." ಸೆರಗು ಸರಿಮಾಡಿಕೊಂಡು ಗೌಡರ ಮನೆಯ ಕಡೆಗೇ ನಡೆದು ಹೋದಳು.

ಭೀಮಶಾ ಕೇರಿಗೆ ಹೋದ. ಶೇವಂತಾ ಬಾಗಿಲಲ್ಲಿ ಕುಳಿತು ಕುಸುಬಿ ಹಸನು ಮಾಡುತ್ತಿದ್ದಳು. ಚಾವಡಿಯ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ನೀ ಏನ ತಿಳಿದಿದ್ದಿ?" ಎಂದು ಅವನು ಕೇಳಿದ.

"ಖರೆ ಹೇಳ್ಲಿ?" ಅವಳು ಮೊರ ಕೆಳಗಿಟ್ಟಳು. "ಅರ್ಧ ನಂಬಿದ್ದೆ. ಫೌಜಿನವರು ಹೇಳಿದ್ರ ನೀ ಇಲ್ಲಂತಿದ್ದೇನು?"

 ಆ ಜಮಾದಾರ ಹ್ಯಾಂಡಲ್ ಕೊಡು ಎನ್ನದೆ ನೀನೇ ನಡೆಸು ಎಂದಿದ್ದರೆ ಏನು ಮಾಡುತ್ತಿದ್ದೆ ಎಂದು ಅವನೂ ತನ್ನನ್ನು ಕೇಳಿಕೊಂಡಿದ್ದ. ಅಂದು ಶೇವಂತಾಳನ್ನು ಕರೆದುಕೊಂಡು ಹೋಗಲು ಕ್ಯಾಪ್ಟನ್ನನ ಅಪ್ಪಣೆ ಬೇಡಿದ. ಲಾರಿಯ ಹಿಂದೆ ಅವಳು ತನ್ನ ಗಂಟಿನ ಜೊತೆ ಕುಳಿತು ಕಲಬುರಗಿಗೆ ಬಂದಳು, ಮಸ್ತಾನಬಿಯ ಅಂಗಳದ ಕೋಣೆಯಲ್ಲಿ ಒಲೆ ಹೂಡಿದಳು.

ಕೆಲವು ತಿಂಗಳ ನಂತರ ಕಸ್ತೂರಿಬಾಯಿ ಕಮಲಾಪುರ ಬಿಟ್ಟಳು. ಕಲಬುರಗಿಯ ಬ್ರಹ್ಮಪುರದಲ್ಲಿ ಅಕ್ಕ ವಿಮಲಾಬಾಯಿ ಇದ್ದಳು, ಅವಳ ಮನೆ ಸೇರಿದಳು. ಗಂಡನ ಅಂಗಡಿ, ಹೊಲದ ಪಾಲು ಬೇಕೆಂದು ಕೋರ್ಟಿಗೆ ಹೋದಳು. ಗೌಡರ ಮೇಲೆ ಬೇರೆ ಯಾವ ಆರೋಪವನ್ನೂ ಹೊರಿಸಲಿಲ್ಲ. ಆದರೆ ಊರು ಲೆಕ್ಕ ಹಾಕತೊಡಗಿತು. ಕಷ್ಟಕಾಲದಲ್ಲಿ ಆಸರೆ ಕೊಟ್ಟ ಮನೆಯಿಂದ ಆಕೆ ಒಂದೇ ಸಲ ಯಾಕೆ ಎದ್ದು ಹೋದಳು ಎಂದು. ಭೀಮಶಾನ ಮೇಲಿದ್ದ ಗುಮಾನಿಯಲ್ಲಿ ಅರ್ಧ ಅಲ್ಲಿಂದ ಎದ್ದು ಗೌಡರ ಜಗಲಿಯ ಮೇಲೆ ಹೋಗಿ ಕುಳಿತಿತು. ಇನ್ನರ್ಧ ಅವನ ಮೇಲೆಯೇ ಉಳಿಯಿತು. ಮಲ್ಲಣ್ಣನ ಸುದ್ದಿ ಕೊನೆಗೂ ತಿಳಿಯಲಿಲ್ಲ.

ನಿಜಾಮರ ಫೌಜನ್ನು ವಿಸರ್ಜಿಸಿದಾಗ ರಿಸಾಲೆಯ ಕುದುರೆಗಳನ್ನು ಹರಾಜು ಹಾಕಿದರು. ಟಾಂಗಾದವರು ಬಂದು ಕೊಂಡು ಹೋದರು. ಸವಾರರಲ್ಲಿ ಬಹುಪಾಲು ಮನೆಗೆ ಹೋದರು. ಭೀಮಶಾನನ್ನು ಭಾರತದ ಫೌಜಿನಲ್ಲಿ ಡ್ರೈವರನೆಂದು ತೆಗೆದುಕೊಂಡು ರಾಮಣ್ಣನ ತುಕಡಿಯಲ್ಲೇ ಉತ್ತರದ ಕಡೆಗೆ ಕಳಿಸಿದರು. ಅಲ್ಲಿ ಹತ್ತಾರು ಸಂಸ್ಥಾನಗಳಿಂದ ಬಂದ ಮಂದಿ ಇದ್ದರು. ಒಬ್ಬನ ಸಲಾಮು ಒಂದು ತರಹ, ಒಬ್ಬನ ಹೆಜ್ಜೆ ಒಂದು ತರಹ. ಒಂಟೆ ಓಡಿಸುತ್ತಿದ್ದವನಿಗೆ ವೈರ್‌ಲೆಸ್ ಕಲಿಸುತ್ತಿದ್ದರು. ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕೆಂಬ ನಿಯಮವಿತ್ತು. ಮೊದಲ ದಿನ ಭೀಮಶಾ ಸಾಲಿನ ಕೊನೆಯಲ್ಲಿ ಒಂದು ಮಾರು ಜಾಗ ಬಿಟ್ಟು ಕುಳಿತ. ರಾಮಣ್ಣ ತನ್ನ ತಟ್ಟೆ ಹಿಡಿದುಕೊಂಡು ಬಂದು ಆ ಜಾಗದಲ್ಲೇ ಕುಳಿತು ಉಂಡ.

ಹಾಗೆಂದು ರಾಮಣ್ಣ ಅವನನ್ನು ನಂಬಿದನೆಂದಲ್ಲ. ಡೇರೆಯಲ್ಲಿ ನಟ್ಟು ಬಿಚ್ಚುವ ಒಂದು ಪಾನಾ ಕಳೆದರೂ ಮೊದಲು ಬಿಚ್ಚಿಸುತ್ತಿದ್ದದ್ದು ಭೀಮಶಾನ ಪೆಟ್ಟಿಗೆಯನ್ನೇ. "ನಿಜಾಮನ ಮಂದಿ" ಎಂಬ ಮಾತು ಬೆನ್ನ ಹಿಂದೆ ಯಾವಾಗಲೂ ಇತ್ತು. ಆದರೆ ಒಂದು ಚಳಿಗಾಲದಲ್ಲಿ, ಒಂದು ಬದಿಗೆ ಪ್ರಪಾತವಿದ್ದ ಘಟ್ಟದ ದಾರಿಯಲ್ಲಿ, ಪಕ್ಕದಲ್ಲಿ ಕುಳಿತ ರಾಮಣ್ಣ ನಿದ್ದೆ ಹೋದ. ತಲೆ ಜೋಲಿ ಭೀಮಶಾನ ಭುಜಕ್ಕೆ ತಾಗಿತು. ಭೀಮಶಾ ಇಳಿಜಾರು ಮುಗಿಯುವವರೆಗೆ ಆ ಭುಜ ಅಲುಗಿಸಲಿಲ್ಲ.

ಆಮೇಲೆ ಹೊಸ ಗಾಡಿಗಳು ಬಂದವು. ಅವುಗಳ ಜೊತೆ ಹೊಸ ನಿಯಮವೂ ಬಂತು. ಡ್ರೈವರನಿಗೆ ಓದಲು ಬರಬೇಕು, ಪರೀಕ್ಷೆ ಕೊಡಬೇಕು. ಭೀಮಶಾ ಅಕ್ಷರ ಕಲಿತ, ಆದರೆ ನಿಧಾನ. ಎರಡು ಸಲ ಪರೀಕ್ಷೆಗೆ ಕೂತು ಎರಡು ಸಲವೂ ಬಿದ್ದ. ಮಂದಿಯನ್ನು ಕಡಿಮೆ ಮಾಡುವ ಹುಕುಂ ಬಂದಾಗ ಹಳೆಯ ಸಂಸ್ಥಾನದ ಫೌಜಿನಿಂದ ಬಂದವರ ಹೆಸರೇ ಮೇಲೆ ಬಂತು. ಮುಂಚೆ ಸವಾರರಿಗೆ ಆದದ್ದು ಈಗ ತನಗೆ ಆಯಿತು ಎಂದು ಅವನು ಶೇವಂತಾಳಿಗೆ ಹೇಳಿದ. ಅವಳು, "ಅವರು ಕುದುರಿ ಮ್ಯಾಲಿಂದ ಇಳಿದ್ರು, ನೀ ಲಾರಿ ಮ್ಯಾಲಿಂದ ಇಳಿದಿ. ಊಟಾ ಮಾಡು," ಎಂದಳು.

ಹೈದರಾಬಾದ್ ರಾಜ್ಯ ಒಡೆದು ಕಲಬುರಗಿ ಮೈಸೂರಿಗೆ ಸೇರುವ ಮಾತು ನಡೆದಿದ್ದ ಕಾಲಕ್ಕೆ ಅವನು ಮರಳಿ ಬಂದು ಪಟ್ಟಣದ ಹೊರಗಿನ ಶರಣಸಿರಸಗಿಯಲ್ಲಿ ಒಂದು ಗುಡಿಸಲು ಹಾಕಿಕೊಂಡ. ಮಸ್ತಾನಬಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಒಬ್ಬ ಖಾಸಗಿ ಮಾಲೀಕ ಅವನಿಗೆ ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಬಸ್ಸು ಕೊಟ್ಟ. ಬಸ್ಸು ಕಮಲಾಪುರದಲ್ಲಿ ನಿಲ್ಲುತ್ತಿತ್ತು. ಮೊದಲ ವಾರ ಆ ಊರವರು ಡ್ರೈವರನ ಮುಖ ನೋಡಿ ಹಿಂದೆ ಸರಿದರು. ಬೇರೆ ಬಸ್ಸಿಲ್ಲದಾಗ ಹತ್ತಿದರು. ನಿಧಾನವಾಗಿ ಎಲ್ಲರೂ ಹತ್ತಿದರು. ಮಕ್ಕಳಿಗೆ ಜ್ವರ ಬಂದಾಗ ದವಾಖಾನೆಯ ಬಾಗಿಲಿಗೇ ನಿಲ್ಲಿಸು ಎಂದು ಕೇಳುವಷ್ಟು ಸಲಿಗೆಯೂ ಬಂತು.

ಹಣಮಂತರಾಯರು ಮಾತ್ರ ಹತ್ತಲಿಲ್ಲ. ಕಸ್ತೂರಿಬಾಯಿ ಹಾಕಿದ ದಾವೆಯ ತಾರೀಖಿಗೆಂದು ಅವರು ರಸ್ತೆಗೆ ಬಂದು ನಿಲ್ಲುತ್ತಿದ್ದರು. ಬಸ್ಸು ಬಂದರೆ ಗಾದಿಯ ಮೇಲೆ ಯಾರಿದ್ದಾರೆಂದು ನೋಡಿ, ಏನೋ ಮರೆತವರಂತೆ ತಿರುಗಿ ಮರದ ನೆರಳಿಗೆ ಹೋಗುತ್ತಿದ್ದರು. ಭೀಮಶಾ ಇಂಜಿನ್ ನಿಲ್ಲಿಸದೆ ಸ್ವಲ್ಪ ಹೊತ್ತು ಕಾಯುತ್ತಿದ್ದ. ಕಂಡಕ್ಟರ್ ಒಮ್ಮೆ ಬೇಸತ್ತು, "ಅವರು ಬರಂಗಿಲ್ಲಂತ ಗೊತ್ತದಲ್ಲ ಕಾಕಾ, ಯಾಕ ಪ್ರತಿ ಸಲ ಕಾಯ್ತಿ?" ಎಂದ.

"ಬಂದ್ರ ಬರ್ಲಿ ಅಂತ," ಎಂದ ಭೀಮಶಾ. "ಜಾಗಾ ಅದ." ನಂತರ ಗೇರು ಹಾಕಿದ.